ಹಠಕ್ಕೆ ಸಾಕಿದ ಕೋಳಿಗಳು

ನಮ್ಮ ಮನೆಯಲ್ಲಿ ಎರಡು ಕನ್ನಡಗಳಿದ್ದವು. ಅಡ್ಡಗೋಡೆಯ ಈಚೆಗೆ ಅವ್ವನದು. ಅವಳು ಸೊರಬ ತಾಲೂಕಿನ ಕುಪ್ಪಗಡ್ಡೆಯವಳು, "ಎಂತ ಮಾರಾಯ" ಎನ್ನದೆ ಅವಳ ಯಾವ ಮಾತೂ ಶುರುವಾಗುತ್ತಿರಲಿಲ್ಲ. ಗೋಡೆಯ ಆಚೆಗೆ ದೊಡ್ಡಮ್ಮನದು. ಅವಳು ಶಿಕಾರಿಪುರ ದಾಟಿ ಬಯಲಿನ ಕಡೆಗೆ ಹೋಗುವ ಒಂದು ಊರಿನವಳು, ಅವಳ ಬಾಯಲ್ಲಿ ಎಲ್ಲವೂ "ಐತಿ", ಎಲ್ಲವೂ "ಬರ್ತೈತಿ". ಒಂದೇ ಮನೆಯಾಗಿದ್ದದ್ದನ್ನು ಅಪ್ಪ ಮತ್ತು ದೊಡ್ಡಪ್ಪ ಪಾಲು ಮಾಡಿಕೊಂಡಾಗ ನಡುಮನೆಯ ಮಧ್ಯಕ್ಕೆ ಇಟ್ಟಿಗೆ ಗೋಡೆ ಎದ್ದಿತು. ದೊಡ್ಡಮ್ಮ ತನ್ನ ಕಡೆಗೆ ಗಿಲಾವು ಮಾಡಿಸಿ ಸುಣ್ಣ ಹೊಡೆಸಿದಳು. ನಮ್ಮ ಕಡೆ ಇಟ್ಟಿಗೆ ಹಲ್ಲು ಕಿರಿದುಕೊಂಡೇ ಉಳಿಯಿತು. ಆ ಗೋಡೆ ನೋಟವನ್ನು ತಡೆಯುತ್ತಿತ್ತೇ ಹೊರತು ಮಾತನ್ನಲ್ಲ. ನಾನು ಊಟ ಮಾಡುತ್ತಾ, ಗಣಿತ ತಪ್ಪು ಮಾಡುತ್ತಾ, ಚಾಪೆಯ ಮೇಲೆ ಉರುಳುತ್ತಾ ಎರಡೂ ಕಡೆಯ ಮಾತು ಕೇಳಿಸಿಕೊಂಡೆ, ಕೇಳಿಸಿಕೊಂಡದ್ದನ್ನು ಹಾಗೆಯೇ ತಿರುಗಿ ಆಡಿ ತೋರಿಸಿದೆ. ಈಗ ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿದು ಊರಿನ ದೊಡ್ಡವರ ದನಿ ತೆಗೆದು ಹೊಟ್ಟೆ ಹೊರೆಯುವವನು ನಾನು. ಇಷ್ಟು ಸಣ್ಣ ವಯಸ್ಸಿಗೆ ಆತ್ಮಕಥೆಯೇ ಎಂದು ಯಾರಾದರೂ ಕೇಳಿದರೆ, ನನ್ನ ಕಥೆ ಸ್ವಲ್ಪವೇ ಇದೆ, ಉಳಿದದ್ದೆಲ್ಲ ಬೇರೆಯವರ ದನಿ ಎಂದು ಹೇಳುತ್ತೇನೆ.

ಅಜ್ಜಿ ನಮ್ಮ ಪಾಲಿಗೆ ಬಂದಿದ್ದಳು. ಪಾಲಿನಲ್ಲಿ ದೊಡ್ಡಪ್ಪನಿಗೆ ಬಾವಿ, ನಮಗೆ ಅಜ್ಜಿ ಎಂದು ಅಪ್ಪ ನಗುತ್ತಿದ್ದ. ಅಪ್ಪ ಶಿರಾಳಕೊಪ್ಪದಿಂದ ಸೊರಬಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ರಸ್ತೆಯಲ್ಲಿ ಅವನ ಹಾರ್ನಿಗೆ ಲಾರಿಗಳೇ ಪಕ್ಕಕ್ಕೆ ಸರಿಯುತ್ತಿದ್ದವು, ಮನೆಯೊಳಗೆ ಬಂದರೆ ಅವನಿಗೆ ಬ್ರೇಕು ಮಾತ್ರ ಗೊತ್ತಿತ್ತು. ಅಜ್ಜಿ ಮಂಚ ಹಿಡಿದ ಮೇಲೆ ಅವಳ ಬಾಯಿಗೆ ಹೋಗುತ್ತಿದ್ದದ್ದು ಒಂದೇ, ನಾಟಿ ಕೋಳಿ ಸಾರಿನ ತಿಳಿ. ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಅವ್ವ ಕುದಿಸುತ್ತಿದ್ದಳು, ಚಮಚದಲ್ಲಿ ಆರಿಸಿ ಆರಿಸಿ ಕುಡಿಸುತ್ತಿದ್ದಳು. ಅಜ್ಜಿ ಎಷ್ಟೇ ಸೊರಗಿದ್ದರೂ ಮುಗಿದ ಮೇಲೆ "ಇನ್ನೊಂದು ಸೌಟು" ಎನ್ನುತ್ತಿದ್ದಳು. ಹೀಗೆ ನಮ್ಮ ಹಿತ್ತಲಿನ ಕೋಳಿಗಳು ಒಂದೊಂದಾಗಿ ಅಜ್ಜಿಯ ಹೊಟ್ಟೆ ಸೇರಿದವು. ಅಜ್ಜಿ ಹೋದಾಗ ನಮ್ಮ ಗೂಡಿನಲ್ಲಿ ಪುಕ್ಕವಷ್ಟೇ ಉಳಿದಿತ್ತು. ಎರಡು ಹಿತ್ತಲುಗಳ ನಡುವಿನ ಮೋಟುಗೋಡೆಯ ಆಚೆ ದೊಡ್ಡಮ್ಮನ ಹಿತ್ತಲಲ್ಲಿ ಮಾತ್ರ ಚುಕ್ಕೆಯವು, ಕೆಂಪಿನವು, ಬೂದಿ ಬಣ್ಣದವು ಎಲ್ಲವೂ ಕೆದಕಿಕೊಂಡು ಸುಖವಾಗಿದ್ದವು. ಅವಳ ಒಂದು ಕೋಳಿಯೂ ಅಜ್ಜಿಗಾಗಿ ಗೋಡೆ ದಾಟಿರಲಿಲ್ಲ.

ಆ ವರ್ಷದ ಹಿರೇರ ಹಬ್ಬ ಬಂತು. ತೀರಿಕೊಂಡ ಹಿರಿಯರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವ ಹಬ್ಬ. ಮನೆ ಪಾಲಾದರೂ ಎಡೆ ಪಾಲಾಗಿರಲಿಲ್ಲ, ಹಿರಿಯ ಸೊಸೆಯ ಮನೆಯಲ್ಲೇ ಇಡುವುದು, ಕಿರಿಯವಳು ಸಾರು ಮಾಡಿ ತರುವುದು ರೂಢಿ. ಅಜ್ಜಿಗೆ ಅದು ಮೊದಲ ಎಡೆ. ಹಿತ್ತಲಲ್ಲಿ ಕೋಳಿ ಇಲ್ಲದ್ದರಿಂದ ಅವ್ವ ಅಪ್ಪನ ಕೈಲಿ ಶಿರಾಳಕೊಪ್ಪದ ಅಂಗಡಿಯಿಂದ ಕೋಳಿ ತರಿಸಿದಳು. ಅದೇ ಮೆಣಸು, ಅದೇ ಬೆಳ್ಳುಳ್ಳಿ. ಹೊಸ ಸೀರೆ ಉಟ್ಟು, ಪಾತ್ರೆಗೆ ಬಟ್ಟೆ ಸುತ್ತಿ ಹೊತ್ತುಕೊಂಡು ಹೋದಳು. ನಾನು ರೊಟ್ಟಿಯ ಬುಟ್ಟಿ ಹಿಡಿದು ಹಿಂದೆ. ದೊಡ್ಡಮ್ಮ ಮುಚ್ಚಳ ತೆಗೆದು ಸೌಟಿನಲ್ಲಿ ಒಂದು ತುಂಡು ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. ಬಂದ ನೆಂಟರೆಲ್ಲ ಅಲ್ಲೇ ಕೂತಿದ್ದರು.

"ಇದೇನ ಗಂಗಿ? ಫಾರಂ ಕೋಳಿ ಅಲ್ಲನು ಇದು?"

"ಮನೇಲಿ ಇರ್ಲಿಲ್ಲ ಅಕ್ಕ. ಎಲ್ಲ ಅತ್ತೆಗೇ..."

"ಇರ್ಲಿಲ್ಲ ಅಂದ್ರ ಕೇಳಬೇಕಿತ್ತಪ. ಕವರಿನ್ಯಾಗ ತಂದ ಕೋಳೀನ ಹಿರೇರಿಗೆ ಇಡ್ತಾರನು? ಹತ್ತಿ ಅಗದಂಗ ಇರ್ತೈತಿ. ಅತ್ತಿ ಎದ್ದು ಬಂದು ನಿನ್ನ ಮುಖಕ್ಕ ಉಗಳ್ತಾಳ."

ಹಾಗೆಂದವಳು ಪಾತ್ರೆಯನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಆಚೆ, ಚಪ್ಪಲಿ ಬಿಡುವ ಜಾಗದಲ್ಲಿ ಇಟ್ಟಳು. ನನ್ನ ಹವಾಯಿ ಚಪ್ಪಲಿಯ ಪಕ್ಕದಲ್ಲೇ. ಅಪ್ಪ ಬ್ರೇಕು ಒತ್ತಿ ನೆಲ ನೋಡುತ್ತಾ ನಿಂತ. ದೊಡ್ಡಪ್ಪ ಅಡಿಕೆ ಕತ್ತರಿಸುತ್ತಿದ್ದವನು ಇನ್ನಷ್ಟು ಸಣ್ಣಗೆ ಕತ್ತರಿಸಿದ. ಅವ್ವ ಬಗ್ಗಿ ಪಾತ್ರೆ ಎತ್ತಿಕೊಂಡು ಮನೆಗೆ ಬಂದಳು. ನಾವು ಮೂವರೂ ಹಲ್ಲುಕಿರಿದ ಇಟ್ಟಿಗೆಗೆ ಮುಖ ಮಾಡಿ ಕೂತು ಆ ಸಾರು ಉಂಡೆವು. ತುಂಬ ರುಚಿಯಾಗಿತ್ತು. ಹಾಗೆಂದು ಹೇಳಲು ಹೋದ ಅಪ್ಪನ ತಟ್ಟೆಗೆ ಸೌಟು ಬಿದ್ದ ಸದ್ದಿಗೆ ಆಚೆಮನೆಯಲ್ಲಿ ಮಾತು ನಿಂತಿತು. ಆಗ ಅವ್ವ, ಗೋಡೆಯ ಆಚೆಗೂ ಕೇಳುವ ಹಾಗೆ, ನಿಧಾನವಾಗಿ ಹೇಳಿದಳು.

"ಬರೋ ಹಿರೇರ ಹಬ್ಬಕ್ಕೆ ಎಡೆ ಈ ಮನೇಲಿ. ಕೋಳಿ ಈ ಹಿತ್ತಲಿಂದು. ಅವಳು ಇಲ್ಲಿ ಬಂದು, ಇಲ್ಲಿ ಕೂತು, ಉಂಡು, ಎಲ್ಲರೆದುರು ಇನ್ನೊಂದು ಸೌಟು ಹಾಕು ಅಂತ ಕೇಳ್ಬೇಕು. ಕೇಳಿಸ್ತೀನಿ ನೋಡು."

ಅಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ಬದುಕು ಸುಲಭವಿತ್ತು. ಅವಳು ಇನ್ನೊಂದು ಷರತ್ತನ್ನೂ ಸೇರಿಸಿದಳು. ದೊಡ್ಡಮ್ಮನ ಹಿತ್ತಲಲ್ಲಿ ಇರುವ ಜಾತಿಯ ಕೋಳಿ ನಮ್ಮ ಹಿತ್ತಲಿಗೆ ಕಾಲಿಡಕೂಡದು. ದೊಡ್ಡಮ್ಮನಲ್ಲಿ ಇದ್ದದ್ದು ಬರೀ ನಾಟಿ. ಅಂದರೆ ನಾಟಿ ಕೋಳಿಯ ರುಚಿಯಲ್ಲಿ ದೊಡ್ಡಮ್ಮನನ್ನು ಸೋಲಿಸಬೇಕು, ಆದರೆ ನಾಟಿ ಕೋಳಿ ಸಾಕಬಾರದು. ಸೇಡಿನ ಲೆಕ್ಕ ನನ್ನ ಗಣಿತದ ಹಾಗೆಯೇ ಇತ್ತು, ಕೂಡಿದರೂ ಕಳೆದರೂ ಉತ್ತರ ಬರುತ್ತಿರಲಿಲ್ಲ.

ಯಾವ ಜಾತಿ ಎನ್ನುವ ಚರ್ಚೆಗೆ ಕುಪ್ಪಗಡ್ಡೆಯಿಂದ ಮಾವ ಬಂದ. ಅವ್ವನ ತಮ್ಮ. ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ತಾನೇ ಮಾಡಿದ್ದೆಂದು ನಂಬುವ ಮನುಷ್ಯ. ಮಾತಿಗೆ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಂಡು, ಎದುರಿಗೆ ಕ್ಯಾಮೆರಾ ಇರುವ ಹಾಗೆ ಕಣ್ಣು ಅಗಲಿಸುತ್ತಿದ್ದ. ಇವತ್ತಿಗೂ ಅವನನ್ನು ಅನುಕರಿಸಬೇಕಾದರೆ ನನಗೆ ಮಾತೇ ಬೇಡ, ಆ ಕೆಮ್ಮೊಂದು ಸಾಕು.

"ಅಕ್ಕಾ, ಕಡಕ್‌ನಾಥ್ ತಗ. ಮೈ ಕಪ್ಪು, ಮಾಂಸ ಕಪ್ಪು, ಮೂಳೆನೂ ಕಪ್ಪು. ಊರಲ್ಲೇ ಯಾರ ಹತ್ರನೂ ಇಲ್ಲ."

"ಹಿರೇರಿಗೆ ಸೀದ್ಹೋದ ಸಾರು ಇಟ್ಲು ಅಂತಾಳೆ ಅವಳು," ಅಂದಳು ಅವ್ವ.

"ಗಿರಿರಾಜ ತಗೊಳ್ಳೋಣ," ಅಂದ ಅಪ್ಪ. "ಒಂದು ಹುಂಜ ಕುರಿಮರಿಯಷ್ಟು ಬೆಳೀತದೆ. ಅತ್ತಿಗೆ ನೋಡಿದ್ರೇ ಅರ್ಧ ಸತ್ತು ಹೋಗ್ತಾರೆ."

ಆ ಕೊನೆಯ ಮಾತು ಅವ್ವನಿಗೆ ಹಿಡಿಸಿತು. ನಾನು ಜಗಳದ ಕೋಳಿ ಅಸೀಲ್ ಬೇಕೆಂದೆ. ದೊಡ್ಡಮ್ಮನ ಕೆಂಪು ಹುಂಜ ದಿನಾ ಮೋಟುಗೋಡೆ ಹತ್ತಿ ನಮ್ಮ ಕಡೆ ತಿರುಗಿ ಕೂಗುತ್ತಿತ್ತು, ಅದರ ಜುಟ್ಟು ಕೀಳಿಸಬೇಕೆನ್ನುವುದು ನನ್ನ ಸ್ವಂತ ಸೇಡು. "ನಿನ್ನ ಕಾಲು ಥೇಟ್ ಅಸೀಲಿಂದೇ ಕಣೋ, ಬರೀ ಉದ್ದ, ಮಾಂಸ ಇಲ್ಲ. ನಿನ್ನನ್ನೇ ಗೋಡೆ ಮೇಲೆ ನಿಲ್ಲಿಸಿದ್ರೆ ಆಯ್ತು," ಎಂದ ಮಾವ. ಹಾಗೆಂದವನೇ ಮುಂದಿನ ವಾರ ಗೋಣಿಚೀಲದಲ್ಲಿ ಒಂದು ಅಸೀಲ್ ಹುಂಜ ತಂದು ಬಿಟ್ಟ. ಅದು ಬಂದ ದಿನವೇ ಅಪ್ಪನ ಮೊಪೆಡ್ಡಿನ ಕನ್ನಡಿಯಲ್ಲಿ ತನ್ನನ್ನು ತಾನು ಕಂಡು ಕುಕ್ಕಿ ಕನ್ನಡಿ ಒಡೆಯಿತು. ಅಂದಿನಿಂದ ಅಪ್ಪ ಹಿತ್ತಲಿಗೆ ಹೋಗುವಾಗ ಕೈಯಲ್ಲಿ ಮೊರ ಹಿಡಿದುಕೊಳ್ಳುತ್ತಿದ್ದ.

ಉಳಿದವನ್ನು ತರಲು ಶಿರಾಳಕೊಪ್ಪದ ಸಂತೆಗೆ ಹೋದೆವು. ಬೈಕಿನ ಹಿಂದೆ ತಂತಿಬುಟ್ಟಿ ಕಟ್ಟಿಕೊಂಡು ಮರಿ ಮಾರುವ ಇಮಾಮಣ್ಣ ಅಪ್ಪನ ಬಸ್ಸಿನ ಖಾಯಂ ಗಿರಾಕಿ. ಅವನ ಬುಟ್ಟಿಯಲ್ಲಿ ಬಣ್ಣ ಹಚ್ಚಿದ ಮರಿಗಳೂ ಇದ್ದವು, ಗುಲಾಬಿ, ಹಸಿರು, ನೀಲಿ. ನಾನು ಹಸಿರು ಮರಿಯ ಜಾತಿ ಯಾವುದೆಂದು ಕೇಳಿದೆ.

"ಅದು ನೀರು ಬೀಳೋವರೆಗೆ ಹಸಿರು ಜಾತಿ, ಆಮೇಲೆ ಬಿಳಿ ಜಾತಿ," ಎಂದ ಇಮಾಮಣ್ಣ. "ಏನ್ರೀ ಡ್ರೈವರ್ರೇ, ಮಗ ಭಾರಿ ಹುಷಾರ್ ಅದಾನೆ. ನಿಮಗೆ ಗಿರಿರಾಜ ಕೊಡ್ತೀನಿ. ಇವು ಮೊಟ್ಟೆ ಇಡೋಕೆ ನಿಂತ್ರೆ ಎಣಿಸೋಕೆ ನಿಮ್ಮ ಕಂಡಕ್ಟರೇ ಬೇಕು."

ಅವನು ಸುಳ್ಳು ಹೇಳಲಿಲ್ಲ. ನಾವು ಕೇಳಬೇಕಾದ್ದನ್ನು ಕೇಳಲಿಲ್ಲ ಅಷ್ಟೆ. ಮೊಟ್ಟೆ ಇಡುತ್ತವೆಯೇ ಎಂದು ಕೇಳಿದೆವು, ತೂಕ ಬರುತ್ತದೆಯೇ ಎಂದು ಕೇಳಿದೆವು, ಪಕ್ಕದ ಮನೆಯ ಕೋಳಿಗಿಂತ ದೊಡ್ಡದಾಗಿ ಕಾಣುತ್ತದೆಯೇ ಎಂದು ಅವ್ವ ತಿರುತಿರುಗಿ ಕೇಳಿದಳು. ಗಿರಿರಾಜನ ಮರಿಗಳ ಜೊತೆ ಮಾವನ ಮರ್ಯಾದೆಗೆಂದು ಒಂದು ಜೊತೆ ಕಡಕ್‌ನಾಥನ್ನೂ ಕೊಂಡು ಬಂದೆವು. ಬೇಸಿಗೆ ಬರುವಷ್ಟರಲ್ಲಿ ನಮ್ಮ ಹಿತ್ತಲು ಗುಡವಿ ಕೆರೆಯ ಹಾಗೆ ತರಾವರಿ ಹಕ್ಕಿಗಳಿಂದ ತುಂಬಿತು. ದೊಡ್ಡಮ್ಮ ಬಟ್ಟೆ ಒಣಹಾಕುವ ನೆಪದಲ್ಲಿ ಗೋಡೆಯ ಮೇಲಿಂದ ನೋಡುತ್ತಿದ್ದಳು, ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಾಕುತ್ತಿದ್ದಳು. ಅವಳು ನೋಡುತ್ತಿದ್ದಾಳೆಂದು ಗೊತ್ತಾದರೆ ಅವ್ವ ಅತಿ ದಪ್ಪನೆಯ ಗಿರಿರಾಜನನ್ನು ಮಗುವಿನ ಹಾಗೆ ಸೊಂಟಕ್ಕೆ ಎತ್ತಿಕೊಂಡು ಓಡಾಡುತ್ತಿದ್ದಳು.

ಒಂದು ಭಾನುವಾರ ಅವ್ವ ಪರೀಕ್ಷೆಗೆಂದು ಗಿರಿರಾಜನ ಹುಂಜ ಕೊಯ್ಯಿಸಿದಳು. ಮೊದಲ ತುತ್ತು ತಾನೇ ಬಾಯಿಗಿಟ್ಟು ದೊಡ್ಡಮ್ಮನ ಹಾಗೆ ಅಗಿದಳು. ನಿಜ, ದೊಡ್ಡಮ್ಮನ ಹಾಗೆಯೇ, ಒಂದು ಹುಬ್ಬು ಮೇಲೆತ್ತಿ. ನನ್ನ ಕಲೆ ಯಾರಿಂದ ಬಂತೆಂದು ನನಗೆ ಆವತ್ತು ಗೊತ್ತಾಯಿತು.

"ಮೆತ್ತಗಿದೆ," ಎಂದಳು. "ಫಾರಂ ಅಂತ್ಲೇ ಅಂತಾಳೆ."

"ಚೆನ್ನಾಗಿದೆಯಲ್ಲೇ," ಎಂದ ಅಪ್ಪ.

"ನಿಮ್ಮ ನಾಲಿಗೆಗಲ್ಲ ನಾನು ಕೋಳಿ ಸಾಕಿದ್ದು."

ಅಸೀಲ್ ಹುಂಜದ ಮಾಂಸ ಗಟ್ಟಿ, ರುಚಿ. ಆದರೆ ಒಂದೇ ಒಂದು, ಅದೂ ಬರೀ ಕಾಲು. ಅವ್ವ ತುಂಬ ಹೊತ್ತು ಹಿತ್ತಲ ಮೆಟ್ಟಿಲ ಮೇಲೆ ಕೂತು ಅಸೀಲ್ ಹುಂಜ ಗಿರಿರಾಜ ಹೇಂಟೆಗಳ ನಡುವೆ ಎದೆಯುಬ್ಬಿಸಿ ನಡೆಯುವುದನ್ನು ನೋಡಿದಳು. ಕೊನೆಗೆ, "ತೂಕ ಇದರದ್ದು, ಗಟ್ಟಿತನ ಅದರದ್ದು. ಇವೆರಡರ ಮರಿ ಬೇಕು ನಂಗೆ," ಎಂದು ಎದ್ದಳು. ಪುಸ್ತಕದಲ್ಲಿಲ್ಲದ, ಸಂತೆಯಲ್ಲಿ ಸಿಗದ, ದೊಡ್ಡಮ್ಮನ ಮೇಲಿನ ಸಿಟ್ಟಿನಿಂದಲೇ ಹುಟ್ಟಬೇಕಾದ ಹೊಸ ಜಾತಿಯೊಂದನ್ನು ನಮ್ಮವ್ವ ಆರಿಸಿದ್ದಳು.

ಮೊಟ್ಟೆಗಳಿಗೇನೂ ಕೊರತೆಯಿರಲಿಲ್ಲ. ಗಿರಿರಾಜಗಳು ಕೊಟ್ಟಿಗೆಯಲ್ಲಿ, ಕಟ್ಟಿಗೆಯ ಸಂದಿಯಲ್ಲಿ, ಅಪ್ಪನ ಹಳೇ ಖಾಕಿ ಅಂಗಿಯ ಮೇಲೆ, ಎಲ್ಲೆಂದರಲ್ಲಿ ಮೊಟ್ಟೆ ಇಟ್ಟವು. ಇಟ್ಟು ಎದ್ದು ಹೊರಟವು. ಒಂದಾದರೂ ತಿರುಗಿ ನೋಡಲಿಲ್ಲ. ಅವ್ವ ಮಂಕರಿಯಲ್ಲಿ ಹೊಟ್ಟು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಅಡಿಗೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲ ತುಂಡು ಇಟ್ಟು, ಮೊಟ್ಟೆ ಜೋಡಿಸಿ, ಹೇಂಟೆಯನ್ನು ಹಿಡಿದು ಕೂರಿಸಿದಳು. ಅದು ಕೂರಲಿಲ್ಲ. ಮೇಲೆ ಬುಟ್ಟಿ ಮುಚ್ಚಿದಳು. ಅದು ಒಳಗೆ ನಿಂತೇ ಇತ್ತು. ಗಿರಿರಾಜಕ್ಕೆ ಮೊಟ್ಟೆ ಇಡುವುದಷ್ಟೇ ಗೊತ್ತು, ಕಾವು ಕೊಡುವುದು ಅದರ ಸ್ವಭಾವದಲ್ಲಿಲ್ಲ ಎನ್ನುವುದು ನಮಗೆ ಗೊತ್ತಾದದ್ದು ಹೀಗೆ. ಕಡಕ್‌ನಾಥ್ ಹೇಂಟೆಯಂತೂ ಮಾವನ ಹಾಗೆ, ಬಂದು ನೋಡಿ ಸಲಹೆ ಕೊಟ್ಟು ಹೋಗುತ್ತಿತ್ತು. ಮಾವ ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ನೇತುಹಾಕಿ ಯಂತ್ರ ಮಾಡಿದ. ಕರೆಂಟು ಹೋಗಿ ಬಂದು, ಬಂದು ಹೋಗಿ, ಕೊನೆಗೆ ಆ ಪೆಟ್ಟಿಗೆಯಿಂದ ಹೊರಬಂದದ್ದು ಮರಿಯಲ್ಲ, ನಾತ. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಬೀದಿಗೆ ಬಂದೆವು.

"ಅತ್ತಿಗೆ ಹತ್ರ ಕಾವಿಗೆ ಕೂರೋ ಹೇಂಟೆ ಇವೆ," ಎಂದ ಅಪ್ಪ, ಬೀದಿಯಲ್ಲಿ ನಿಂತು, ಮೂಗು ಹಿಡಿದುಕೊಂಡೇ. "ಒಂದು ಕೇಳಿದ್ರೆ..."

ಅವ್ವ ಅವನನ್ನು ನೋಡಿದ ನೋಟಕ್ಕೆ ಮೂಗಿನಿಂದ ಕೈ ತಾನಾಗಿ ಕೆಳಗಿಳಿಯಿತು.

ಆಚೆ ಹಿತ್ತಲಲ್ಲಿ ಇದಕ್ಕೆ ತದ್ವಿರುದ್ಧ. ದೊಡ್ಡಮ್ಮನ ಚುಕ್ಕೆ ಹೇಂಟೆಗೆ ಕಾವು ಬಂದು, ಅದು ಖಾಲಿ ಗೂಡಿನಲ್ಲಿ ಕೂತು ಏಳುತ್ತಿರಲಿಲ್ಲ. ಅದು ಮತ್ತೆ ಬೇಗ ಮೊಟ್ಟೆ ಇಡಲೆಂದು ದೊಡ್ಡಮ್ಮ ಅದರ ಕಾವು ಬಿಡಿಸಲು ಬಕೆಟ್ಟಿನ ನೀರಲ್ಲಿ ಅದ್ದುತ್ತಿದ್ದಳು, "ಎದ್ದೇಳ ಮೂಳಿ" ಎಂದು ಓಡಿಸುತ್ತಿದ್ದಳು. ಆ ಹೇಂಟೆ ಒದ್ದೆಯಾಗಿ, ಸಿಟ್ಟಾಗಿ, ಕೂರಲು ಜಾಗ ಹುಡುಕುತ್ತಾ ಗೋಡೆಯ ಬುಡದಲ್ಲಿ ಗೊಣಗುತ್ತಿತ್ತು. ದೊಡ್ಡಮ್ಮ ಕಾಳು ಹಾಕುವಾಗ ಮೂಗಿನಲ್ಲಿ ಎಳೆದು "ಬ್ಯಾ ಬ್ಯಾ ಬ್ಯಾ ಬ್ಬಬ್ಬಬ್ಬೋ" ಎಂದು ಕರೆಯುತ್ತಿದ್ದಳು. ಅದನ್ನು ನಾನು ಶಾಲೆಯಲ್ಲಿ ಮಾಡಿ ತೋರಿಸಿ ಮೇಷ್ಟರನ್ನೂ ನಗಿಸಿದ್ದೆ. ಅವಳು ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ನಾನು ನಮ್ಮ ಹಿತ್ತಲ ನುಗ್ಗೆ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಮೂಗು ಕಿರಿದು ಮಾಡಿಕೊಂಡು, ದೊಡ್ಡಮ್ಮನಾದೆ. ಮೊದಲು ಬಂದದ್ದು ಆ ಕೆಂಪು ಹುಂಜ. ನಮ್ಮ ಅಸೀಲ್ ಅದಕ್ಕೆ ಎರಡೇ ಏಟಿನಲ್ಲಿ ಬುದ್ಧಿ ಹೇಳಿ ಕಳಿಸಿತು, ನನ್ನ ಸ್ವಂತ ಸೇಡು ಅಲ್ಲಿಗೆ ತೀರಿತು. ಆಮೇಲೆ ಚುಕ್ಕೆ ಬಂತು. ಕೊಟ್ಟಿಗೆಯ ಮಂಕರಿ ಕಂಡದ್ದೇ ತಡ, ಒಳಗೆ ಹತ್ತಿ, ಹೊಟ್ಟು ಸರಿಮಾಡಿ, ರೆಕ್ಕೆ ಹರಡಿ ಕೂತುಬಿಟ್ಟಿತು.

ಅವ್ವ ಬಂದು ನೋಡಿದಳು. ನಾನು ಓಡಲು ಸಿದ್ಧನಾಗಿ ಒಂದು ಕಾಲು ಹಿಂದಿಟ್ಟಿದ್ದೆ.

"ಇದು ಅವಳ ಜಾತಿ," ಎಂದಳು.

"ಹೌದವ್ವ."

"ಜಾತಿ ನಮ್ಮ ಹಿತ್ತಲಿಗೆ ಬರಬಾರದು ಅಂದಿದ್ದೆ ನಾನು." ಬಗ್ಗಿ ಚುಕ್ಕೆಯ ರೆಕ್ಕೆಯ ಅಡಿಗೆ ಕೈ ಹಾಕಿ ನೋಡಿದಳು. "ಇದು ಜಾತಿ ಬಂದಿದ್ದಲ್ಲ ಮಾರಾಯ. ಬರೀ ಕಾವು ಬಂದಿದ್ದು. ಹೋಗು, ಮೊಟ್ಟೆ ತಾ."

ಮೊಟ್ಟೆಗಳ ಮೇಲೆ ಚುಕ್ಕೆ ತಪಸ್ಸಿಗೆ ಕೂತಿತು. ಆಚೆ ದೊಡ್ಡಮ್ಮ ಬೇಲಿ ಬೇಲಿ ಹುಡುಕಿದಳು, ಕಾಡುಬೆಕ್ಕಿಗೆ ಶಾಪ ಹಾಕಿದಳು, ಬೀದಿ ನಾಯಿಯ ಮೇಲೆ ಅನುಮಾನಪಟ್ಟಳು. ಸಂಜೆ ಅವಳು ಕರೆದಾಗ ಚುಕ್ಕೆ ಕೊಟ್ಟಿಗೆಯಿಂದ ಕೊಕ್ಕೊಕ್ಕೋ ಎಂದು ಉತ್ತರ ಕೊಟ್ಟರೆ, ನಾನು ಕೂಡಲೇ ಗೋಡೆಯ ಪಕ್ಕ ನಿಂತು ಹತ್ತು ತರದ ಕೋಳಿಗಳಾಗಿ ಕೂಗಿ ಆ ದನಿ ಮುಚ್ಚಿಹಾಕುತ್ತಿದ್ದೆ. "ಆ ಹುಡುಗನಿಗೆ ಏನೋ ಆಗೈತಿ, ತಲಿಗೆ ಎಣ್ಣಿ ಹಚ್ರಿ," ಎಂದು ಅವಳು ಅಪ್ಪನಿಗೆ ಹೇಳಿದಳು. ಆದರೆ ಮರಿ ಹೊರಬಂದ ದಿನ ಚಿಂವ್‌ಚಿಂವ್ ಸದ್ದನ್ನು ಮುಚ್ಚುವ ಕಲೆ ನನ್ನ ಹತ್ತಿರ ಇರಲಿಲ್ಲ. ಗೋಡೆಯ ಮೇಲೆ ದೊಡ್ಡಮ್ಮನ ತಲೆ ಮೂಡಿತು.

"ಎಲಾ ಇವ್ಳ! ನನ್ನ ಹೇಂಟಿ!"

"ನಿಮ್ಮ ಹೇಂಟೆನೇ. ನಾವೇನು ಕಟ್ಟಿ ಹಾಕಿದೀವಾ? ತಗೊಂಡ್ಹೋಗಿ," ಎಂದಳು ಅವ್ವ. "ಮರಿ ನಮ್ಮವು."

"ಕಾವು ಯಾರ್ದು? ನಿಮ್ಮಪ್ಪಂದನು?"

"ಮೊಟ್ಟೆ ಯಾರ್ದು? ನಿಮ್ಮಪ್ಪಂದಾ?"

ಇಬ್ಬರ ಅಪ್ಪಂದಿರೂ ತೀರಿಹೋಗಿ ವರ್ಷಗಳಾಗಿದ್ದವು. ಗಲಾಟೆಗೆ ಬೀದಿ ಸೇರಿತು. ಕೊನೆಯ ಮನೆಯ ಹಾಲಮ್ಮಜ್ಜಿ, ಊರಿನ ಕೋಳಿ ವ್ಯಾಜ್ಯಗಳಿಗೆಲ್ಲ ನ್ಯಾಯಾಧೀಶೆ, ಕೋಲೂರಿಕೊಂಡು ಬಂದಳು. ಊರ ರೂಢಿ ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬರ ಮೊಟ್ಟೆ ಇನ್ನೊಬ್ಬರ ಹೇಂಟೆಯ ಕಾವಿನಲ್ಲಿ ಒಡೆದರೆ ಮರಿ ಸಮಪಾಲು. ಮರಿ ತಾಯಿಯನ್ನು ಬಿಟ್ಟು ಮೇಯುವ ತನಕ ಅವು ಇದ್ದಲ್ಲೇ ಇರಬೇಕು, ಮೇವು ಇಬ್ಬರದೂ.

ಹೀಗೆ ದೊಡ್ಡಮ್ಮ ದಿನಾ ನಮ್ಮ ಮನೆಗೆ ಬರಬೇಕಾಯಿತು. ಗೋಡೆ ದಾಟಿ ಬರಲು ಅವ್ವ ಬಿಡಲಿಲ್ಲ. ಸೆರಗಿನಲ್ಲಿ ನುಚ್ಚು ಕಟ್ಟಿಕೊಂಡು ಮುಂಬಾಗಿಲಿಂದ ಬರಬೇಕು, ಚಪ್ಪಲಿ ಬಿಡಬೇಕು, ಅಡುಗೆಮನೆ ದಾಟಿ ಹಿತ್ತಲಿಗೆ ಹೋಗಬೇಕು. ಅವಳು ಬಾಗಿಲಲ್ಲಿ ಕೆಮ್ಮಿದರೆ ಅವ್ವ ಪಾತ್ರೆ ಬಡಿಯುತ್ತಾ ಕೇಳಿಸದವಳಂತೆ ಕೂತಿರುತ್ತಿದ್ದಳು. ಚಹಾ ಎಂದೂ ಕೊಡಲಿಲ್ಲ, ಆದರೆ ಅವಳು ಬರುವ ಹೊತ್ತಿಗೆ ಸರಿಯಾಗಿ ಏಲಕ್ಕಿ ಜಜ್ಜಿ ಚಹಾ ಕುದಿಸುತ್ತಿದ್ದಳು. ದೊಡ್ಡಮ್ಮನೂ ಸೋಲುವವಳಲ್ಲ. ಹೋಗುವಾಗ ಒಂದೊಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿ, "ಇವತ್ತೂ ಬದನೇಕಾಯೇನು?" ಎಂದು ಯಾರನ್ನೂ ಕೇಳದೆ ಕೇಳಿ ಮುಂದೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ನಾನು ಅದನ್ನೇ ಮಾಡಿ ತೋರಿಸುತ್ತಿದ್ದೆ, ಮುಚ್ಚಳ, ಹುಬ್ಬು, ಬದನೇಕಾಯಿ. ಅವ್ವ ನಗುತ್ತಿರಲಿಲ್ಲ. "ಹಬ್ಬ ಆಗ್ಲಿ, ಆಮೇಲೆ ನಗೋಣ," ಎನ್ನುತ್ತಿದ್ದಳು.

ಮರಿಗಳು ಬಲಿತು ಹುಂಜ ಯಾವುದು, ಹೇಂಟೆ ಯಾವುದು ಎಂದು ಜುಟ್ಟಿನಲ್ಲಿ ತಿಳಿಯುವಂತಾದ ಮೇಲೆ ಪಾಲಿನ ದಿನ ಬಂತು. ಹಾಲಮ್ಮಜ್ಜಿ ಮೆಟ್ಟಿಲ ಮೇಲೆ ಕೂತಳು. ದೊಡ್ಡಮ್ಮನ ಕಣ್ಣು ಹೇಂಟೆಗಳ ಮೇಲೆಯೇ ಇತ್ತು. ಯಾರ ಕಣ್ಣಾದರೂ ಅಲ್ಲೇ ಇರುತ್ತದೆ, ಹೇಂಟೆ ಇದ್ದರೆ ಮೊಟ್ಟೆ, ಮೊಟ್ಟೆ ಇದ್ದರೆ ಮುಂದೆ ಮರಿ, ಹುಂಜ ಅಂದರೆ ಒಂದು ದಿನದ ಸಾರು. ಇವರಿಬ್ಬರೂ ಒಂದೊಂದೇ ಎಳೆದಾಡುತ್ತಾರೆಂದು ನೋಡಲು ಬಂದವರಿಗೆ ನಿರಾಸೆಯಾಯಿತು.

"ಅಕ್ಕಾ," ಎಂದಳು ಅವ್ವ, ವರ್ಷದಲ್ಲಿ ಮೊದಲ ಸಲ ಜಗಳವಿಲ್ಲದೆ ಅವಳ ಮುಖ ನೋಡಿ. "ಹೇಂಟೆ ಎಲ್ಲ ನಿಮ್ಮವೇ ಇರ್ಲಿ. ಹುಂಜಗಳು ನಂಗೆ. ಆದ್ರೆ ಈ ಸಲ ಹಿರೇರ ಎಡೆ ನಮ್ಮನೇಲಿ. ನೀವು ಬಂದು ಪಂಕ್ತಿ ತುದೀಲಿ, ದೊಡ್ಡೋರ ಜಾಗದಲ್ಲಿ ಕೂರ್ಬೇಕು."

ಅಪ್ಪನ ಕೈಯಿಂದ ಮೊರ ಬಿತ್ತು. "ಏ ಗಂಗಾ, ತಲೆ ಸರಿ ಇದೆಯನೇ? ಹೇಂಟೆ ಬಿಟ್ಕೊಟ್ಟು ಹುಂಜ ಇಟ್ಕೊಳ್ತಾರಾ ಯಾರಾದ್ರೂ?"

ದೊಡ್ಡಮ್ಮ ಹೇಂಟೆಗಳನ್ನು ನೋಡಿದಳು, ಅವ್ವನನ್ನು ನೋಡಿದಳು, ಇದರಲ್ಲಿ ಮೋಸವೆಲ್ಲಿದೆ ಎಂದು ಹುಡುಕಿದಳು. ಸಿಗಲಿಲ್ಲ. "ಆತು ಬಿಡು. ಅತ್ತಿ ಸತ್ತಿದ್ದೂ ಇದೇ ಮನ್ಯಾಗಲ್ಲ," ಎಂದು ಹೇಂಟೆಗಳನ್ನು ಬುಟ್ಟಿಗೆ ತುಂಬಿಕೊಂಡು, ಯಾರಾದರೂ ಮನಸ್ಸು ಬದಲಾಯಿಸುವ ಮೊದಲು ಹೊರಟೇಬಿಟ್ಟಳು. ಚುಕ್ಕೆಯೂ ಅವಳ ಹಿಂದೆ ಹೋಯಿತು. ಆ ಮರಿಗಳಲ್ಲಿ ನಮಗೆ ಉಳಿದದ್ದು ಅಸೀಲನ ರಕ್ತದ, ಗಿರಿರಾಜನ ಮೈಯ, ಅವ್ವನ ಸಿಟ್ಟಿನ ಹುಂಜಗಳ ದಂಡು. ಅವು ಬೆಳಗಿನಿಂದ ಸಂಜೆಯ ತನಕ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ಒಂದು ಕೂಗಿದರೆ ಎಲ್ಲವೂ ಕೂಗುತ್ತಿದ್ದವು. ಅಪ್ಪ ಬಸ್ಸಿನಲ್ಲೇ ಮಲಗಿ ನಿದ್ದೆ ತೀರಿಸಿಕೊಳ್ಳಲು ಶುರುಮಾಡಿದ. ಅವ್ವ ಮಾತ್ರ ಎಲ್ಲಕ್ಕಿಂತ ದೊಡ್ಡ ಹುಂಜವನ್ನು ಬೇರೆ ಕಟ್ಟಿ, ಮೆಕ್ಕೆಜೋಳ ಕುಟ್ಟಿ, ಗೆದ್ದಲು ತಂದು ಹಾಕಿ ಬೆಳೆಸಿದಳು. ಮೇಯಲು ಬಿಟ್ಟಾಗ ಮಾಂಸ ಗಟ್ಟಿಯಾಗಲೆಂದು ನನ್ನಿಂದ ಅದನ್ನು ಓಡಿಸುತ್ತಿದ್ದಳು. ಸ್ವಲ್ಪ ದಿನಕ್ಕೆ ಅದೇ ನನ್ನನ್ನು ಓಡಿಸತೊಡಗಿತು. ಗಟ್ಟಿಯಾದದ್ದು ಇಬ್ಬರ ಮಾಂಸವೂ.

ಹಬ್ಬದ ದಿನ ಅಜ್ಜಿಯ ಫೋಟೋವನ್ನು ಗಿಲಾವಿಲ್ಲದ ಆ ಗೋಡೆಗೇ ಒರಗಿಸಿ, ಮುಂದೆ ಬಾಳೆ ಎಲೆ ಹಾಕಿದೆವು. ರೊಟ್ಟಿ, ಕಡುಬು, ಅನ್ನ, ಎಲೆಅಡಿಕೆ, ಅವಳ ಹೊಗೆಸೊಪ್ಪಿನ ಚೂರು, ನಡುವೆ ಕೋಳಿ ಸಾರು. ಬಾಗಿಲು ಹಾಕಿ ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಹೊರಗೆ ಕಾದೆವು. ಆಮೇಲೆ ಪಂಕ್ತಿ. ಕುಪ್ಪಗಡ್ಡೆಯ ಮಾವ, ಹಾಲಮ್ಮಜ್ಜಿ, ಹೋದ ವರ್ಷ ಆಚೆಮನೆಯಲ್ಲಿ ಕೂತಿದ್ದ ನೆಂಟರೆಲ್ಲ. ಅವರನ್ನು ಅವ್ವ ಒಬ್ಬೊಬ್ಬರ ಮನೆಗೂ ಹೋಗಿ ಕರೆದಿದ್ದಳು. ತುದಿಯಲ್ಲಿ ದೊಡ್ಡಮ್ಮ. ನಮ್ಮಲ್ಲಿ ಆ ಜಾಗದಲ್ಲಿ ಕೂತವರು ಏಳದೆ ಯಾರೂ ಏಳುವಂತಿಲ್ಲ.

ಅವ್ವ ದೊಡ್ಡಮ್ಮನ ಎಲೆಗೆ ಒಂದೇ ಸೌಟು ಸಾರು, ಎರಡು ತುಂಡು ಹಾಕಿ ಪಕ್ಕಕ್ಕೆ ನಿಂತಳು. ದೊಡ್ಡಮ್ಮ ತುಂಡು ಎತ್ತಿ ಬೆಳಕಿಗೆ ಹಿಡಿದಳು. ಬಾಯಿಗಿಟ್ಟಳು. ಹುಬ್ಬು ಮೇಲೆ ಹೋಗಲು ಹೊರಟು ಅರ್ಧದಲ್ಲಿ ನಿಂತಿತು. ಮೂಳೆ ಚೀಪಿದಳು. ಇನ್ನೊಂದು ತುಂಡು. ರೊಟ್ಟಿಯಿಂದ ಎಲೆ ಒರೆಸಿ ತಿಂದಳು. ನೆಂಟರೆಲ್ಲ ಸುರಿ ಸುರಿ ಎಂದು ಉಣ್ಣುತ್ತಾ ಎರಡನೇ ಸಲ, ಮೂರನೇ ಸಲ ಹಾಕಿಸಿಕೊಂಡರು. ಅವ್ವ ಎಲ್ಲರಿಗೂ ಬಡಿಸಿದಳು, ದೊಡ್ಡಮ್ಮನ ಎಲೆಯ ಮುಂದೆ ಬಂದಾಗ ಮಾತ್ರ ಸೌಟು ಹಿಡಿದು ನಿಂತಳು, ಕೇಳಲಿ ಎಂದು. ದೊಡ್ಡಮ್ಮ ಕೇಳಲಿಲ್ಲ. ಏಳಲೂ ಇಲ್ಲ. ಎಲ್ಲರ ಕೈ ಒಣಗಲು ಶುರುವಾಯಿತು. ಮಾವ ಕೆಮ್ಮಿದ. ಕೊನೆಗೆ ದೊಡ್ಡಮ್ಮ ಅಜ್ಜಿಯ ಫೋಟೋ ನೋಡಿ, ಯಾರಿಗೂ ಅಲ್ಲದ ಹಾಗೆ ಹೇಳಿದಳು.

"ಅತ್ತಿ ಇದ್ದಿದ್ರ ಇನ್ನೊಂದು ಸೌಟು ಹಾಕು ಅಂತಿದ್ಲು."

ಎಂಥ ಜಾಣೆ! ಕೇಳಿದಂತೆಯೂ ಆಯಿತು, ಕೇಳದಂತೆಯೂ ಆಯಿತು. ನಾನು ಅವ್ವನನ್ನು ನೋಡಿದೆ.

"ಹೌದು, ಅಂತಿದ್ರು," ಎಂದಳು ಅವ್ವ. ಸೌಟು ತುಂಬಿಕೊಂಡು ದೊಡ್ಡಮ್ಮನನ್ನು ದಾಟಿ ಹೋಗಿ, ಅಜ್ಜಿಯ ಎಡೆಗೆ ಸುರಿದು ಬಂದು ಮತ್ತೆ ಅದೇ ಜಾಗದಲ್ಲಿ ನಿಂತಳು. ದೊಡ್ಡಮ್ಮನ ಎಲೆ ಖಾಲಿ.

"ನಂಗೂ," ಎಂದಳು ದೊಡ್ಡಮ್ಮ, ಎಲೆ ನೋಡುತ್ತಾ.

"ಏನಂದ್ರಿ ಅಕ್ಕ? ಹುಂಜಗಳ ಗಲಾಟೇಲಿ ಕೇಳಿಸ್ಲಿಲ್ಲ."

"ನಂಗೂ ಒಂದು ಸೌಟು ಹಾಕಽ ಅಂದೆ!"

ಪಂಕ್ತಿಯೆಲ್ಲ ಕೇಳಿತು. ಬೀದಿಯವರೆಗೂ ಕೇಳಿತು. ಅವ್ವ ಒಂದಲ್ಲ, ಎರಡು ಸೌಟು ಹಾಕಿದಳು, ಪಾತ್ರೆಯ ತಳ ಕೆದಕಿ ತೊಡೆಯ ತುಂಡನ್ನೇ ಹುಡುಕಿ ಹಾಕಿದಳು. "ನಿಧಾನ ಅಗೀರಿ, ಹತ್ತಿ ಅಲ್ಲ," ಎಂದಳು. ದೊಡ್ಡಮ್ಮ ತೊಡೆ ಕಚ್ಚಿ, ಎಳೆದು, ಅಗಿದು, ನುಂಗಿ, ಬೆರಳು ಚೀಪಿ, ಪಂಕ್ತಿಯ ಕಡೆ ತಿರುಗಿದಳು.

"ಕಾವು ಯಾರ ಹೇಂಟಿದು ಹೇಳ್ರಿ? ರುಚಿ ಬರದ ಎಲ್ಲಿಗ್ಹೋಗ್ತೈತಿ?"

ಪಂಕ್ತಿ ಹೋ ಎಂದು ನಕ್ಕಿತು. ಅನ್ಯಾಯವೆಂದರೆ ಅಪ್ಪನೂ ನಕ್ಕ. ಹಾಲಮ್ಮಜ್ಜಿಯಂತೂ ನಗುತ್ತಾ ಸಾರು ನೆತ್ತಿಗೇರಿಸಿಕೊಂಡಳು. ಅವ್ವ ಸೌಟು ಹಿಡಿದು ನಿಂತೇ ಇದ್ದಳು.

ಎಲ್ಲರೂ ಹೋದ ಮೇಲೆ ಹಿತ್ತಲ ಬಿಸಿಲಲ್ಲಿ ಅವ್ವ ಪಾತ್ರೆ ತಿಕ್ಕುತ್ತಿದ್ದಳು. ಬೂದಿ ಹಾಕಿ ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಸೆರಗು ಹೊದ್ದಂತೆ ಟವೆಲ್ ಹೊದ್ದು, ಶುರುಮಾಡಿದೆ. ತುಂಡು ಬೆಳಕಿಗೆ ಹಿಡಿದದ್ದು, ಅರ್ಧಕ್ಕೆ ನಿಂತ ಹುಬ್ಬು, ರೊಟ್ಟಿಯಿಂದ ಎಲೆ ಒರೆಸಿದ್ದು, ಫೋಟೋ ನೋಡಿದ್ದು, "ನಂಗೂ", ಆಮೇಲೆ ಬೀದಿಗೆ ಕೇಳುವ "ನಂಗೂ". ಅವ್ವನ ಕೈ ನಿಂತಿತು. ಬೂದಿ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು, ಒಂದು ವರ್ಷದ ನಗು, ಕಣ್ಣಲ್ಲಿ ನೀರು ಬಂದು ಮುಖವೆಲ್ಲ ಬೂದಿಯ ಗೆರೆ. ಉತ್ಸಾಹ ತಡೆಯಲಾರದೆ ನಾನು ಬೆರಳು ಚೀಪಿ ಪಂಕ್ತಿಯ ಕಡೆ ತಿರುಗಿ, "ಕಾವು ಯಾರ..." ಎಂದೆ.

"ಏಯ್," ಎಂದಳು ಅವ್ವ. ನಗು ನಿಂತಿತ್ತು. "ಮುಂದಿಂದು ಬೇಡ. 'ನಂಗೂ' ಅನ್ನೋತನಕ ಮಾಡು ಸಾಕು."

ನಾನು ಟವೆಲ್ ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ.